ಹತ್ತು ಪಾತ್ರೆ ಹಿಟ್ಟಿಗೆ ನಾಲ್ಕು ಸೌಟು

ನಾನು ಬಿಯರ್ ತಯಾರಿಸುವವಳು. ಇದನ್ನು ಇಷ್ಟು ಸಲೀಸಾಗಿ ಬರೆಯಲು ನನಗೆ ಆರು ವರ್ಷ ಬೇಕಾಯಿತು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನಮ್ಮದು ಉಡುಪಿ ಹೋಟೆಲು, ಈರುಳ್ಳಿ ಹಾಕಿದ ಸಾಂಬಾರಿಗೂ ಹಾಕದ್ದಕ್ಕೂ ಬೇರೆ ಬೇರೆ ಸೌಟು ಇಡುವಂಥದ್ದು. ಗಲ್ಲೆಯಲ್ಲಿ ಕೂತ ಅಪ್ಪನನ್ನು ಊರಿನವರು ಯಾರಾದರೂ ‘ಮಗಳಿಗೆ ಎಲ್ಲಿ ಕೆಲಸ?’ ಎಂದು ಕೇಳಿದರೆ ಅವರು ‘ನವಿ ಮುಂಬಯಿಯಲ್ಲಿ, ಫುಡ್ ಲೈನ್’ ಎಂದು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗುತ್ತಿದ್ದರು. ಸುಳ್ಳೇನಲ್ಲ. ಆದರೂ ಪ್ರತಿ ಸಲ ನನಗೆ ಚುಚ್ಚುತ್ತಿತ್ತು.

ನವಿ ಮುಂಬಯಿಯ ರಬಾಳೆಯಲ್ಲಿ ಕಾರ್ಖಾನೆಗಳ ನಡುವೆ ಒಂದು ಶೆಡ್ಡು ನಮ್ಮ ಬ್ರೂವರಿ. ಅಲ್ಲಿ ನನ್ನ ಹೆಮ್ಮೆ ಎಂದರೆ ಗೋಧಿ ಬಿಯರ್. ಅದರಲ್ಲಿ ಬಾಳೆಹಣ್ಣಿನ ಪರಿಮಳ ಬರುತ್ತದೆ. ಬಾಳೆಹಣ್ಣನ್ನು ಮಾತ್ರ ಯಾರೂ ಹಾಕಿರುವುದಿಲ್ಲ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವ ಗೋಧಿಯ ಸಿಹಿನೀರು ಕುಡಿದು ಬೆಳೆಯುತ್ತಾ ತಾನಾಗಿ ಆ ಪರಿಮಳವನ್ನು ಬಿಟ್ಟು ಹೋಗುತ್ತದೆ. ನೂರು ಸಲ ನೋಡಿದ್ದರೂ ಪ್ರತಿ ಸಲ ನನಗೆ ಮೈ ಜುಮ್ಮೆನ್ನುತ್ತದೆ.

ಠಾಣೆಯಿಂದ, ಕಲ್ಯಾಣದಿಂದ ಆರ್ಡರು ಬರತೊಡಗಿದಾಗ ಮಾಲೀಕರು ಹತ್ತು ಪಟ್ಟು ದೊಡ್ಡ ಟ್ಯಾಂಕು ತರಿಸಿದರು. ಶೆಡ್ಡಿನ ತಗಡು ಬಿಚ್ಚಿ ಕ್ರೇನಿನಿಂದ ಅದನ್ನು ಒಳಗಿಳಿಸಿದ ದಿನ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಗೋಧಿ, ಬಾರ್ಲಿ, ನೀರು, ಯೀಸ್ಟ್, ಎಲ್ಲವನ್ನೂ ಹತ್ತರಿಂದ ಗುಣಿಸಿದೆ. ಆರನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ.

ಬಿಯರ್ ಬಂತು, ಬಾಳೆಹಣ್ಣು ಬರಲಿಲ್ಲ. ಕುಡಿದವರು ‘ಚೆನ್ನಾಗಿದೆ’ ಎಂದರು, ಲೋಟ ಅರ್ಧಕ್ಕೇ ಬಿಟ್ಟರು. ಎರಡನೇ ಸಲವೂ ಅದೇ ಕತೆ. ಮಾಲೀಕರು ಕೆಟ್ಟ ಮನುಷ್ಯರಲ್ಲ, ಆದರೆ ಅವರಿಗೆ ಕಾಯುವ ತಾಳ್ಮೆ ಇಲ್ಲ. “ಬನಾನಾ ಎಸೆನ್ಸ್ ಡಾಲ್ ದೋ ನಾ ಮೇಡಂ, ಕಿಸ್ಕೋ ಪತಾ ಚಲೇಗಾ?” ಎಂದರು. ಎಸೆನ್ಸ್ ಹಾಕಿದ್ದು ಯಾರಿಗೂ ಗೊತ್ತಾಗದಿದ್ದರೂ ನನಗೆ ಗೊತ್ತಾಗುತ್ತಿತ್ತಲ್ಲ. ಇನ್ನೊಂದೇ ಸಲ ಎಂದು ಬೇಡಿಕೊಂಡೆ. ಸರಿ, ಆಮೇಲೆ ಎಸೆನ್ಸೇ ಎಂದರು.

ಆ ಭಾನುವಾರ ಮನೆಯಲ್ಲಿ ನಾನು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದೆ.

“ಎಂತ, ಮುಖ ಇಷ್ಟು ದಪ್ಪ ಮಾಡಿಕೊಂಡು ಕೂತದ್ದು?” ಎಂದರು ಅಪ್ಪ.

ಆರು ವರ್ಷದಲ್ಲಿ ಅವರು ನನ್ನ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು, ಅದೂ ಗೊತ್ತಿಲ್ಲದೆ ಕೇಳಿದ್ದು. ಸಿಟ್ಟಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಬಿಯರ್ ಎಂಬ ಶಬ್ದ ಬಂದಾಗಲೆಲ್ಲ ಅವರು ಮಜ್ಜಿಗೆ ಬಡಿಸಿಕೊಂಡರು. ಕೊನೆಗೆ ಕೇಳಿದರು, “ಆ ಹುದುಗು ಉಂಟಲ್ಲ, ಅದನ್ನೂ ಹತ್ತು ಪಟ್ಟು ಹಾಕಿದೆಯಾ?”

“ಹೌದು. ಮತ್ತೆ?”

ಅಪ್ಪ ನಕ್ಕರು. “ಕಲ್ಯಾಣದಲ್ಲಿ ಬ್ರಾಂಚ್ ಹಾಕಿದ ವರ್ಷ ನಾನೂ ಹಾಗೇ ಮಾಡಿದ್ದು. ಒಂದು ಪಾತ್ರೆ ಇಡ್ಲಿ ಹಿಟ್ಟಿಗೆ ಒಂದು ಸೌಟು ಹಳೆ ಹಿಟ್ಟು ಅಲ್ವಾ? ಎರಡು ಹೋಟ್ಲಿಗೂ ಒಟ್ಟಿಗೆ ರುಬ್ಬಿ, ಹತ್ತು ಪಾತ್ರೆ ಹಿಟ್ಟು ಒಂದೇ ಡ್ರಮ್ಮಿಗೆ ಹೊಯ್ದು, ಹತ್ತು ಸೌಟು ಹಾಕಿದೆ. ಗಿರಾಕಿಗಳು ಎಂತ ಹೇಳಲಿಲ್ಲ. ಎರಡನೇ ಪ್ಲೇಟ್ ಮಾತ್ರ ಯಾರೂ ಕೇಳಲಿಲ್ಲ.”

ಈ ಸಂಗತಿಯನ್ನು ಅವರು ಅಮ್ಮನಿಗೂ ಹೇಳಿದ್ದಿಲ್ಲ ಎಂದು ಅಮ್ಮನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಮತ್ತೆ ಎಂತ ಮಾಡಿದಿರಿ?”

“ನಾಲ್ಕು ಸೌಟಿಗೆ ಇಳಿಸಿದೆ. ಎಲ್ಲ ನಾವೇ ತುಂಬಿಸಿ ಕೊಟ್ಟರೆ ಅದಕ್ಕೆ ಬೆಳೆಯಲಿಕ್ಕೆ ಎಂತ ಉಂಟು ಮಾರಾಯ್ತಿ? ಪರಿಮಳ ಬರುವುದು ಬೆಳೆಯುವಾಗ. ಮತ್ತೆ ಆ ಡ್ರಮ್ ಬಿಟ್ಟು ಅಗಲದ ಪಾತ್ರೆ ತಂದೆ. ಆಳ ಜಾಸ್ತಿ ಆದರೆ ಅಡಿಯಲ್ಲಿದ್ದ ಹಿಟ್ಟಿಗೆ ಮೇಲಿನ ಭಾರಕ್ಕೆ ಉಸಿರು ಕಟ್ಟುತ್ತದೆ. ನಿನ್ನ ಪಾತ್ರೆ ಎಷ್ಟು ಎತ್ತರ?”

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯೀಸ್ಟ್ ಕಡಿಮೆ ಹಾಕಿದರೆ ಅದು ಹೆಚ್ಚು ಬೆಳೆದು ಹೆಚ್ಚು ಪರಿಮಳ ಕೊಡುತ್ತದೆ, ಎತ್ತರದ ಟ್ಯಾಂಕಿನ ಒತ್ತಡದಲ್ಲಿ ಪರಿಮಳ ಅಡಗುತ್ತದೆ. ಎರಡನ್ನೂ ನಾನು ಬ್ರೂಯಿಂಗ್ ಕೋರ್ಸಿನ ಪರೀಕ್ಷೆಯಲ್ಲಿ ಬರೆದು, ಮಾರ್ಕು ತೆಗೆದುಕೊಂಡು, ಮರೆತುಬಿಟ್ಟಿದ್ದೆ. ಒಂದು ಹನಿ ಬಿಯರ್ ಮುಟ್ಟದ ಈ ಮನುಷ್ಯ ಅದನ್ನೇ ಸೌಟಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಕಸುಬು ಮಾಡುತ್ತಿದ್ದೆವು ಎಂದು ಆಗ ಹೊಳೆಯಿತು.

ಮೂರನೇ ಸಲ ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸಿದೆ. ಯೀಸ್ಟನ್ನು ಅಪ್ಪನ ಲೆಕ್ಕದಲ್ಲೇ ಇಳಿಸಿದೆ. ಮೂರನೇ ದಿನ ಬೆಳಿಗ್ಗೆ ಅಪ್ಪನ ಫೋನು, “ಠಾಣೆ ಸ್ಟೇಷನ್ನಿಗೆ ಬಂದೆ. ನಿನ್ನ ರಬಾಳೆಯ ಗಾಡಿ ಯಾವ ಪ್ಲಾಟ್‌ಫಾರ್ಮ್?”

ಬ್ರೂವರಿಯ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟರು. ಅಡುಗೆಮನೆಗೆ ಹೋಗುವಾಗ ಹೋಟೆಲಿನಲ್ಲಿ ಹಾಗೆಯೇ. ಇಲ್ಲಿಯ ನೆಲದಲ್ಲಿ ತೊಳೆಯುವ ಕ್ಷಾರ ಇರುತ್ತದೆ ಎಂದು ಗದರಿಸಿ ಗಂಬೂಟು ಹಾಕಿಸಿದೆ. ಪಂಚೆ ಎತ್ತಿ ಕಟ್ಟಿ, ಗಂಬೂಟಿನಲ್ಲಿ ಅವರು ಟ್ಯಾಂಕಿನ ಎದುರು ಕತ್ತೆತ್ತಿ ನಿಂತರು. ಆಮೇಲೆ ಉಕ್ಕಿಗೆ ಅಂಗೈ ಇಟ್ಟು, ಕಿವಿ ಇಟ್ಟು, “ಒಳಗೆ ಜೀವ ಉಂಟು” ಎಂದರು, ಗರ್ಭಗುಡಿಯಲ್ಲಿ ಮಾತಾಡುವ ದನಿಯಲ್ಲಿ.

ಟ್ಯಾಂಕಿನ ಗಾಳಿ ಒಂದು ಕೊಳವೆಯಿಂದ ಬಂದು ನೀರಿನ ಬಕೆಟ್ಟಿನಲ್ಲಿ ಬುಳುಬುಳು ಎನ್ನುತ್ತದೆ. ಪರಿಮಳ ಬಂದಿದ್ದರೆ ಮೊದಲು ಗೊತ್ತಾಗುವುದು ಅಲ್ಲಿ. ಬೆಳಿಗ್ಗೆಯಿಂದ ಅದರ ಹತ್ತಿರ ಹೋಗಲು ನನಗೆ ಧೈರ್ಯವಾಗಿರಲಿಲ್ಲ. ಅಪ್ಪ ನೇರ ಮೂಗು ಹಾಕಿದರು. ಆ ಗಾಳಿ ಚುರುಕು, ಕಣ್ಣಲ್ಲಿ ನೀರು ಬಂದು ಹಿಂದೆ ಸರಿದರು. ಎರಡನೇ ಸಲ, ಬೆಳಗಿನ ಹಿಟ್ಟಿನ ಮೇಲೆ ಮಾಡುವಂತೆ, ಕೈಯಿಂದ ಗಾಳಿಯನ್ನು ಮೆಲ್ಲಗೆ ಮೂಗಿನತ್ತ ಬೀಸಿಕೊಂಡರು.

“ಕದಳಿ,” ಎಂದರು. “ಹಣ್ಣಾಗಿ ಎರಡು ದಿನ ಆದದ್ದು.”

ನಾನೂ ಬಗ್ಗಿದೆ. ಹೌದು. ಚಿಕ್ಕ ಟ್ಯಾಂಕಿನಷ್ಟು ಜೋರಿಲ್ಲ, ಸ್ವಲ್ಪ ಮೆತ್ತಗೆ, ಸ್ವಲ್ಪ ದೂರದಿಂದ ಬಂದಂತೆ. ಅದು ಹಳೆಯ ಬಿಯರೇ ಆಗಿರಲಿಲ್ಲ, ಅದರ ತಂಗಿ. ಆದರೆ ಜೀವವಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ. ಮಾಲೀಕರು ಬಂದು ಮೂಸಿ ನೋಡಿ, ಎಸೆನ್ಸಿನ ಮಾತು ಬಿಟ್ಟು, ಖುಷಿಯಲ್ಲಿ ಅಪ್ಪನಿಗೆ ಚಿಕ್ಕ ಟ್ಯಾಂಕಿನ ಬಿಯರ್ ಒಂದು ಲೋಟ ಕೊಡಹೋದರು. ಅಪ್ಪ ಕೈಮುಗಿದು ಒಲ್ಲೆ ಎಂದರು.

ಅವರನ್ನು ಗಾಡಿ ಹತ್ತಿಸಲು ಠಾಣೆಯವರೆಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಊರಿನವರೊಬ್ಬರು ಸಿಕ್ಕರು, ಮುಲುಂಡಿನಲ್ಲಿ ಅವರದ್ದೂ ಹೋಟೆಲು. “ಇವಳು ಮಗಳಲ್ವಾ? ಎಲ್ಲಿ ಕೆಲಸ?” ಎಂದು ಕೇಳಿದರು. ನಾನು ಹಳಿಗಳ ಕಡೆ ನೋಡುತ್ತಾ, ಫುಡ್ ಲೈನ್ ಎಂಬ ಮಾತಿಗೆ ಕಾದೆ.

“ಬಿಯರ್ ಮಾಡ್ತಾಳೆ,” ಎಂದರು ಅಪ್ಪ. “ಈಗ ನೋಡಿಯೇ ಬಂದೆ. ಅಷ್ಟು ದೊಡ್ಡ ಪಾತ್ರೆಯಲ್ಲಿ ಹುದುಗು ಹಿಡಿಸಲಿಕ್ಕೆ ನನ್ನಿಂದ ಆಗಲಿಲ್ಲ. ಇವಳಿಂದ ಆಯ್ತು.”