ಬೊರಿವಲಿ ಓಣಿಯ ರೊಟ್ಟಿಯಾಕೆ

ಧಾರವಾಡದಿಂದ ಮುಂಬೈಗೆ ಹೊರಡುವ ಮೊದಲೇ ನಿರ್ಧರಿಸಿಬಿಟ್ಟಿದ್ದೆ. ಎಲ್ಲರೂ ನೋಡುವುದನ್ನು ನಾನು ನೋಡುವುದಿಲ್ಲ, ಅಲ್ಲಿಯ ಜನ ನಿಜವಾಗಿ ಕೊಂಡು ತಿನ್ನುವುದು ಎಲ್ಲಿ ಸಿಗುತ್ತದೋ ಅಲ್ಲಿಗೇ ಹೋಗುತ್ತೇನೆ. ಊಟ-ತಿಂಡಿಯ ಬಗ್ಗೆ ಮೊಬೈಲಿನಲ್ಲಿ ಬರೆದು ಹಾಕುವ ಚಟ ಆಗ ನನಗೆ ಜೋರಾಗಿತ್ತು. ಓದುವವರೂ ಸಾಕಷ್ಟು ಇದ್ದರು.

ಉಳಿದುಕೊಂಡಿದ್ದು ಬೊರಿವಲಿಯಲ್ಲಿ, ದೊಡ್ಡಪ್ಪನ ಮಗಳ ಮನೆಯಲ್ಲಿ. ಮೊದಲ ದಿನ ಒಬ್ಬಳೇ ಲೋಕಲ್ ಹಿಡಿದು ಫೋರ್ಟ್ ಕಡೆ ಹೋದೆ. ಹಳೆಯ ಮಾರ್ಕೆಟ್ಟೊಂದರಲ್ಲಿ ಮಸಾಲೆ ಅಂಗಡಿಯವನು ನನ್ನನ್ನು ನೋಡಿದ್ದೇ ಇಂಗ್ಲಿಷಿನಲ್ಲಿ ಶುರುಮಾಡಿದ. ಅವನು ಕೊಟ್ಟ ಕೇಸರಿಗೆ ಬಣ್ಣವಿತ್ತು, ವಾಸನೆ ಇರಲಿಲ್ಲ. ಸಿಡಿಮಿಡಿಗೊಂಡು ವಾಪಸ್ಸು ಬಂದೆ.

“ಅಲ್ಲಿಗ್ಯಾಕ ಹೋಗಿದ್ದಿ? ನಾ ರೋಜ್ ಹೋಗೋ ಮಾರ್ಕೆಟ್ ತೋರಸ್ತೀನಿ ಬಾ,” ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಹತ್ತಿರದ ಒಂದು ಓಣಿಗೆ ಕರೆದೊಯ್ದಳು. ಮೀನಿನ ಬುಟ್ಟಿಗಳು, ಕೆಸುವಿನೆಲೆಯ ಕಟ್ಟುಗಳು, ಜಗಳದಂತೆ ಕೇಳುವ ಚೌಕಾಸಿ. ಓಣಿಯ ಕೊನೆಯಲ್ಲಿ, ಬಿಲ್ಡಿಂಗೊಂದರ ಗೋಡೆಗೆ ಬೆನ್ನು ಕೊಟ್ಟು, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಹರವಿಕೊಂಡು ಕೂತಿದ್ದಳು. ವಿಜಯಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಅಲ್ಲೇ. ನಾನು ಅಕ್ಕನ ತಂಗಿ ಎಂದು ಗೊತ್ತಾದದ್ದೇ ರೊಟ್ಟಿ ಮುರಿದು ಚಟ್ನಿ ಹಚ್ಚಿ ಕೈಗಿಟ್ಟಳು. ಅಂಥ ರೊಟ್ಟಿ ನಮ್ಮ ಮನೆಯಲ್ಲೂ ಆಗುತ್ತಿರಲಿಲ್ಲ.

ನಾನು ಮೊಬೈಲ್ ತೆಗೆದೆ. ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

“ಫೋಟೋ ಬ್ಯಾಡ್ರಿ ಬಾಯಿ. ಮಗಳನ್ನ ಊರ ಕಡೆ ಕೊಟ್ಟೀನಿ. ನಾ ಇಲ್ಲಿ ಆಫೀಸಿನಾಗ ನೌಕರಿ ಮಾಡ್ತೀನಿ ಅಂತ ಬೀಗರಿಗೆ ಹೇಳೇವಿ.”

“ಇಲ್ಲ, ತಗಿಯೂದಿಲ್ಲ ಬಿಡ್ರಿ,” ಎಂದೆ.

ಹತ್ತು ಹೆಜ್ಜೆ ಮುಂದೆ ಅಕ್ಕ ಸೊಪ್ಪು ಆರಿಸುತ್ತಿದ್ದಾಗ ತಿರುಗಿ ನಿಂತು ತೆಗೆದೆ. ಸೆರಗು ಸರಿದಿತ್ತು, ಬಿಸಿಲು ಮುಖದ ಮೇಲೆ ಬಿದ್ದಿತ್ತು. ಮುಂಬೈಯಲ್ಲಿ ನಮ್ಮ ಅಪ್ಪಟ ರೊಟ್ಟಿ ಎಂದು ಬರೆದು, ಓಣಿಯ ಗುರುತನ್ನೂ ಕೊಟ್ಟು ಹಾಕಿದೆ. ವಿಜಯಪುರದಲ್ಲಿ ಯಾರು ನೋಡುತ್ತಾರೆ ಎಂದುಕೊಂಡೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದುಂಟು. ಸುಳ್ಳು. ಆಕೆಯ ಬಗ್ಗೆ ನಾನು ಯೋಚಿಸಲೇ ಇಲ್ಲ. ಸಾವಿರಾರು ಜನ ಹಂಚಿಕೊಂಡರು. ನಾನು ಹಿಗ್ಗಿದೆ.

ಎಂಟು ತಿಂಗಳ ಮೇಲೆ ಮತ್ತೆ ಬೊರಿವಲಿಗೆ ಹೋದೆ. “ಆ ರೊಟ್ಟಿಯಾಕಿ ಯಾಕೋ ನನ್ನ ಜೋಡಿ ಸರಿಯಾಗಿ ಮಾತಾಡವಲ್ಲಳು,” ಎಂದಳು ಅಕ್ಕ. ಮೊಬೈಲಿನಲ್ಲಿ ಫೋನ್ ಮಾಡುವುದು ಬಿಟ್ಟರೆ ಬೇರೇನೂ ನೋಡದ ಅಕ್ಕನಿಗೆ ನಾನು ಫೋಟೋ ಹಾಕಿದ್ದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಆದರೂ ಅಕ್ಕನನ್ನು ಎಳೆದುಕೊಂಡೇ ಓಣಿಗೆ ಹೋದೆ.

ನನ್ನನ್ನು ಕಂಡದ್ದೇ ರೊಟ್ಟಿಯಾಕೆ ರೊಟ್ಟಿಯ ಮೇಲೆ ಬಟ್ಟೆ ಎಳೆದಳು. “ನಿಮಗ ಕೊಡಂಗಿಲ್ರಿ.”

ದನಿ ಏರಿಸಲಿಲ್ಲ. ಫೋಟೋ ಬೀಗರ ಕೈ ಸೇರಿತ್ತು. ಸುಳ್ಳು ಹೇಳಿ ಮದುವೆ ಮಾಡಿದರೆಂದು ಮಗಳನ್ನು ದಿನವೂ ಚುಚ್ಚುತ್ತಿದ್ದರು. “ಹೋದ ತಿಂಗಳ ಬಸುರಿ ಮಗಳ ಕುಬಸ ಆತು. ನನ್ನ ಕರೀಲಿಲ್ಲ. ನೀ ಬರಬ್ಯಾಡವ್ವಾ ಅಂತ ಆಕಿನೇ ಫೋನ್ ಮಾಡಿ ಹೇಳಿದ್ಲು.”

“ತಪ್ಪಾತ್ರಿ. ಹಿಂಗಾಗ್ತದ ಅಂತ ನನಗ ಗೊತ್ತಿರಲಿಲ್ಲ.”

“ಗೊತ್ತಿತ್ತು. ನಾ ಹೇಳಿದ್ನಿ.”

ನಿಂತಲ್ಲೇ ಫೋಟೋ ಅಳಿಸಿ, ಮೊಬೈಲನ್ನು ಆಕೆಯ ಮುಂದೆ ಹಿಡಿದೆ. ಆಕೆ ನೋಡಲಿಲ್ಲ. ನೋಡಿದ್ದರೂ ಏನು ಉಪಯೋಗ? ಅದು ಆಗಲೇ ಯಾರ್ಯಾರದೋ ಪುಟಗಳಲ್ಲಿತ್ತು. ಅಷ್ಟರಲ್ಲಿ ಫೋಟೋ ನೋಡಿ ಪವಾಯಿಯಿಂದ ಬಂದೆವೆಂದು ಹೇಳಿಕೊಂಡ ಇಬ್ಬರು ಹುಡುಗಿಯರು ಮೊಬೈಲ್ ಎತ್ತಿ, “ಆಂಟಿ, ಏಕ್ ಸ್ಮೈಲ್,” ಎಂದರು. ಆಕೆ ಮುಖ ಮುಚ್ಚಿಕೊಳ್ಳಲಿಲ್ಲ. ಇನ್ನು ಮುಚ್ಚಿ ಏನಾಗಬೇಕಿತ್ತು?

ಅಕ್ಕ ನನಗಿಂತ ಮುಂದೆ ಮುಂದೆ ನಡೆದಳು. ತಮ್ಮ ಮನೆಯ ಬಿಲ್ಡಿಂಗಿನ ಮೆಟ್ಟಿಲ ಹತ್ತಿರ ನಿಂತಳು.

“ಆಕಿ ಬ್ಯಾಡ ಅಂದಿದ್ದು ನಿನಗ ಕೇಳಿಸಿತ್ತಲ್ಲ?”

“ಹೂಂ. ಈಗ ಏನರ ಮಾಡಬೇಕಲ್ಲ ಅಕ್ಕಾ.”

“ಏನೂ ಮಾಡಬ್ಯಾಡ. ನೀ ಮಾಡಿದ್ದು ಸಾಕು.”

ಒಳಗೆ ಹೋಗಿ ಕುಕ್ಕರ್ ಇಟ್ಟಳು. ನಾನು ಎರಡು ದಿನ ಮೊದಲೇ ಊರಿಗೆ ಹೊರಟೆ. ಅಕ್ಕ ತಡೆಯಲಿಲ್ಲ.