ಯಂತ್ರದ ಹೊದಿಕೆ

ಕೂರಿ ಎಂದು ಹೇಳುವ ಮುಂಚೆ ಕೂರಬಾರದು ಎಂಬ ಪಾಠವನ್ನು ಕರಡು ಸಾಹೇಬರು ಐವತ್ತರ ಅಂಚಿನಲ್ಲಿ ಕಲಿತರು. ಅದಕ್ಕೆ ಶುಲ್ಕವಾಗಿ ಹೋದದ್ದು ಅವರ ಪ್ಯಾಂಟು.

ಡಬ್ಬಿಯಮ್ಮನ ಶೆಡ್ಡಿನ ಬಾಗಿಲು ದಾಟಿದರೆ ಎಡಗಡೆ, ಕಿಟಕಿಯ ಬೆಳಕು ನೇರವಾಗಿ ಬೀಳುವ ಕಡೆ, ಒಂದು ಅಗಲವಾದ ಮರದ ಸ್ಟೂಲು ಇತ್ತು. ಬಿಸಿಲಲ್ಲಿ ಬಸ್ ಸ್ಟಾಪಿನಿಂದ ನಡೆದು ಬಂದಿದ್ದ ಸಾಹೇಬರಿಗೆ ಅದು ತಮಗಾಗಿಯೇ ಹಾಕಿಟ್ಟಂತೆ ಕಂಡಿತು. ಸರಕಾರಿ ನೌಕರಿಯಲ್ಲಿ ತಲೆ ನರೆತವರಿಗೆ ಎಲ್ಲ ಖಾಲಿ ಆಸನಗಳೂ ಹಾಗೇ ಕಾಣುತ್ತವೆ. ಕೂತರು, ಕಾಲು ಚಾಚಿದರು. ಪಕ್ಕದಲ್ಲಿ ನೆಲದ ಮೇಲೆ ಕೂತು ಡಬ್ಬಿ ಅಂಟಿಸುತ್ತಿದ್ದ ಮುದುಕಿಯೊಬ್ಬರು ತಲೆ ಎತ್ತದೆ ಕೈ ಚಾಚಿದರು. ಸ್ಟೂಲಿನ ಮೇಲೆ ತಾವಿಟ್ಟಿದ್ದ ಕಾಗದಕ್ಕಾಗಿ ತಡಕಾಡಿ, ಸಾಹೇಬರ ತೊಡೆಯನ್ನು ಹಿಡಿದು, ಅನುಮಾನ ಬಂದು ಇನ್ನೊಮ್ಮೆ ಅದುಮಿ ನೋಡಿದರು.

"ಇದ್ಯಾಕೆ ಇಷ್ಟು ದಪ್ಪ ಆಗಿದೆ?"

ಸಾಹೇಬರು ಹೌಹಾರಿ ಎದ್ದರು. ಸ್ಟೂಲು ಜೊತೆಗೆ ಬರಲಿಲ್ಲ, ಅಷ್ಟು ಪುಣ್ಯ. ಆದರೆ ಅಂಟು ಬಳಿದು, ಹದಕ್ಕೆ ಬರಲೆಂದು ಅದರ ಮೇಲೆ ಹರಡಿದ್ದ ಹೂವಿನ ಕಾಗದ ಅವರ ಹಿಂಭಾಗವನ್ನು ಬಿಡದೆ ಹಿಂಬಾಲಿಸಿತು. ಅಂಟಿನ ಮಗ್ಗುಲು ಪ್ಯಾಂಟಿಗೆ, ಬಂಗಾರದ ಬಣ್ಣದ ಹೂಗಳೆಲ್ಲ ಲೋಕಕ್ಕೆ.

ಆ ಸ್ಟೂಲಿನ ಮೇಲೆ ಕೂರಬಾರದೆಂದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುದುಕಿಗೆ ಕಣ್ಣು ಮಂಜು. ಹಾಗಾಗಿ ಅವರ ಕತ್ತರಿ, ಅಂಟಿನ ಕುಡಿಕೆ, ಕಾಗದ ಎಲ್ಲವೂ ಕೈ ಚಾಚಿದರೆ ಸಿಗುವ ಕಡೆಯೇ ಇರಬೇಕು. ಶೆಡ್ಡಿನಲ್ಲಿ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಅವರು ಡಬ್ಬಿಯಮ್ಮನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ.

"ನಾನು ಸಣ್ಣ ಕೈಗಾರಿಕೆ ಇಲಾಖೆಯಿಂದ ಬಂದಿದ್ದೇನೆ," ಎಂದು ಸಾಹೇಬರು ಗಂಭೀರವಾಗಿ ಶುರುಮಾಡಿದರು. ಬೆನ್ನ ಕೆಳಗೆ ಹೂಗಳು ಅರಳಿರುವಾಗ ಗಾಂಭೀರ್ಯ ಸುಲಭವಲ್ಲ.

ಒಳಗಿನಿಂದ ಡಬ್ಬಿಯಮ್ಮ ಬಂದರು. ಗಟ್ಟಿ ಮೈಕಟ್ಟಿನ ಹೆಂಗಸು, ತೋಳಿಗೆಲ್ಲ ರಟ್ಟಿನ ಧೂಳು. ಚಪ್ಪಲಿ, ಗಡಿಯಾರ, ಗಾಜಿನ ಲೋಟ, ಏನು ಕೊಟ್ಟರೂ ಅದಕ್ಕೆ ತಕ್ಕ ಡಬ್ಬಿ ಮಾಡಿಕೊಡುವವರು. ಸಾಹೇಬರು ಕೊಟ್ಟ ವಿಸಿಟಿಂಗ್ ಕಾರ್ಡನ್ನು ಅವರು ಓದಲಿಲ್ಲ. ಅದರ ಮೂಲೆಯನ್ನು ಉಗುರಿನಿಂದ ಮಡಚಿ ಬೆಳಕಿಗೆ ಹಿಡಿದರು.

"ಬಿರುಕು ಬಿಡ್ತು ನೋಡಿ. ಹಳೇ ಕಾಗದ. ಪ್ರಿಂಟ್ ಮಾಡಿದವನು ನಿಮಗೆ ಟೋಪಿ ಹಾಕಿದ್ದಾನೆ."

"ಸರಕಾರಿ ಮುದ್ರಣಾಲಯದ್ದು," ಎಂದರು ಸಾಹೇಬರು.

"ಹಾಗಾದ್ರೆ ಬಿಡಿ," ಎಂದರು ಡಬ್ಬಿಯಮ್ಮ. ಆಮೇಲೆ ಅವರ ಹಿಂದೆ ಒಂದು ಸುತ್ತು ಬಂದು ನೋಡಿ, "ಪ್ಯಾಂಟು ಬಿಚ್ಚಿ. ಒಣಗಿದ್ರೆ ಕತ್ತರಿಸಿ ತೆಗೀಬೇಕಾಗುತ್ತೆ," ಎಂದರು.

ಕರಡು ಸಾಹೇಬರಿಗೆ ಆ ಹೆಸರು ಬಿದ್ದದ್ದು ಇಲಾಖೆಯಲ್ಲಿ. ಯಾವ ಮಂತ್ರಿ ಬರಲಿ ಹೋಗಲಿ, ಯೋಜನೆಗಳ ಕರಡು ಬರೆಯುವವರು ಇವರೇ. ಬರೆದು ಬರೆದು ಮಾತೂ ಹಾಗೇ ಆಗಿಬಿಟ್ಟಿತ್ತು. ಮನೆಯಲ್ಲಿ ಹೆಂಡತಿ "ಕರೆಂಟ್ ಬಿಲ್ ಕಟ್ಟಿದ್ರಾ?" ಎಂದರೆ "ತಾತ್ವಿಕವಾಗಿ ಒಪ್ಪಿದ್ದೇನೆ" ಎನ್ನುತ್ತಿದ್ದರು. ಈಗ ಅವರ ಕೈಯಲ್ಲಿದ್ದದ್ದು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಬೆಂಬಲ ಕೊಡುವ ಹೊಸ ನೀತಿ. ಅದರ ಮುನ್ನುಡಿಗೆ ಒಂದು ಗೆದ್ದ ಬದುಕಿನ ಚಿತ್ರ ಬೇಕು ಎಂದಿದ್ದರು ನಿರ್ದೇಶಕರು. ಇಲಾಖೆಯ ಪಡಸಾಲೆಯಲ್ಲಿ ಒಂದು ಫೋಟೋ ಇತ್ತು: ಹಳೆಯ ಯೋಜನೆಯಲ್ಲಿ ಸಿಕ್ಕ ಹೊಚ್ಚ ಹೊಸ ಡಬ್ಬಿ ಯಂತ್ರ, ಅದರ ಪಕ್ಕ ನಗದೆ ನಿಂತ ಒಬ್ಬ ಹೆಂಗಸು. ಆ ಫೋಟೋದ ಜಾಡು ಹಿಡಿದು ಸಾಹೇಬರು ಇಲ್ಲಿಗೆ ಬಂದದ್ದು.

ಪ್ಯಾಂಟು ಬಿಸಿನೀರಿಗೆ ಹೋಯಿತು. ಸಾಹೇಬರು ರಟ್ಟಿನ ರಾಶಿಯ ಹಿಂದೆ ಮುಖ ಮಾತ್ರ ತೋರಿಸಿಕೊಂಡು ನಿಂತರು. ಡಬ್ಬಿಯಮ್ಮ ಗೋಡೆಯ ಬದಿಯ ಎತ್ತರದ ಮೇಜಿನಂಥದ್ದರ ಮೇಲಿದ್ದ ಊಟದ ಡಬ್ಬಿಗಳನ್ನು ಕೆಳಗಿಟ್ಟು, ಅದಕ್ಕೆ ಹೊದಿಸಿದ್ದ ದಪ್ಪ ನೀಲಿ ಬಟ್ಟೆಯನ್ನು ಎಳೆದು ಇವರತ್ತ ಎಸೆದರು.

"ಇದನ್ನ ಸುತ್ಕೊಳ್ಳಿ."

ಸೊಂಟಕ್ಕೆ ಗಂಟು ಬಿಗಿದು ಹೊರಗೆ ಬಂದ ಸಾಹೇಬರು ಬಂದ ಕೆಲಸ ಹೇಳಿದರು. "ನಿಮ್ಮ ಯಂತ್ರ ಕೆಲಸ ಮಾಡೋದನ್ನ ನೋಡೋಣ ಅಂತ ಬಂದೆ, ಅಮ್ಮ."

"ನೋಡಿ. ಅದರ ಬಟ್ಟೆ ನಿಮ್ಮ ಮೈಮೇಲಿದೆ."

ಮೇಜೆಂದುಕೊಂಡದ್ದು ಯಂತ್ರವಾಗಿತ್ತು. ಹಸಿರು ಬಣ್ಣ ಒಂದು ಕಡೆಯೂ ಕಿತ್ತಿರಲಿಲ್ಲ. ಗುಂಡಿಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಸುಲಿದಿರಲಿಲ್ಲ. ಮೇಲೆ ಮಾತ್ರ ಊಟದ ಡಬ್ಬಿಗಳ ದುಂಡನೆಯ ಗುರುತು.

ಸಾಹೇಬರು ಚೀಲವನ್ನು ಬಗಲಿಗೆ ಒತ್ತಿಕೊಂಡರು. ಚೀಲದಲ್ಲಿದ್ದ ಕರಡಿನ ಒಂದು ವಾಕ್ಯ ನೆನಪಾಗಿತ್ತು. ಸರಕಾರದ ನೆರವು ಪಡೆದೂ ಬೆಳೆಯದ ಉದ್ದಿಮೆಯಿಂದ ಸರಕಾರಿ ಶೆಡ್ಡನ್ನು ಹಿಂದಕ್ಕೆ ಪಡೆಯತಕ್ಕದ್ದು. ಎಷ್ಟೋ ದಿನ ತಿದ್ದಿ ತೀಡಿದ ವಾಕ್ಯ ಅದು. ನಿರ್ದೇಶಕರು ಅದನ್ನು ಎರಡು ಸಲ ಓದಿಸಿ ಕೇಳಿ ಮೆಚ್ಚಿದ್ದರು.

"ಯಾಕೆ ಓಡಿಸ್ತಿಲ್ಲ?" ಎಂದು ಕೇಳಿದರು.

ಡಬ್ಬಿಯಮ್ಮ ರಟ್ಟು ಗೀರುತ್ತಲೇ ಹೇಳಿದರು. ಮದುವೆಯಾಗಿ ಬಂದ ಹೊಸದರಲ್ಲಿ ಈ ಕೆಲಸ ಕಲಿಸಿದ್ದು ದೊಡ್ಡಮ್ಮ. ಅಡುಗೆಮನೆಯ ನೆಲದ ಮೇಲೆ ಓರಗಿತ್ತಿಯರಿಬ್ಬರೂ ಕೂತು, ಇವರು ರಟ್ಟು ಗೀರಿ ಮಡಚಿದರೆ ಅವರು ಕಾಗದ ಎಳೆದು ಮೂಲೆ ಕೂರಿಸುವುದು. ಡಬ್ಬಿಯ ಮರ್ಯಾದೆ ಇರುವುದು ಮೂಲೆಯಲ್ಲಿ. ಅಲ್ಲಿ ಗಾಳಿ ನಿಂತರೆ ನಾಲ್ಕು ದಿನಕ್ಕೆ ಕಾಗದ ಎದ್ದು ಬರುತ್ತದೆ. ಗಂಡಂದಿರು ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ ಈ ಡಬ್ಬಿಗಳೇ ಎರಡು ಮನೆಯ ಮಕ್ಕಳನ್ನು ದಡ ಮುಟ್ಟಿಸಿದವು. ಸರಕಾರದಿಂದ ಈ ಶೆಡ್ಡು ಸಿಕ್ಕಿತು, ಇನ್ನಷ್ಟು ಹೆಂಗಸರು ಸೇರಿದರು. ಆಮೇಲೆ ಇಲಾಖೆಯವರು ಬಂದು ಯಂತ್ರ ತಗೊಳ್ಳಿ ಎಂದರು.

"ತಗೊಂಡೆ. ನನಗೂ ಆಸೆ ಇತ್ತು ಸಾಹೇಬ್ರೇ, ಸುಳ್ಳು ಯಾಕೆ ಹೇಳಲಿ. ಬೋರ್ಡು ಹಾಕಿಸ್ಬೇಕು, ಸ್ವಂತ ಗಾಡಿ ತಗೋಬೇಕು ಅಂತೆಲ್ಲ. ಯಂತ್ರ ಇಳಿಸಿದವನು ಹೇಳಿದ, ಇದಕ್ಕೆ ಇಬ್ಬರು ಸಾಕು, ಮೂಲೆ ಅದೇ ಕೂರಿಸುತ್ತೆ ಅಂತ. ಎಲ್ಲರೂ ಕೇಳಿಸ್ಕೊಂಡ್ರು. ಸಾಯಂಕಾಲ ಈ ಅಕ್ಕ ತನ್ನ ಕತ್ತರಿ ಒರೆಸಿ ಚೀಲಕ್ಕೆ ಹಾಕ್ಕೊಂಡ್ಳು. ನನಗೂ ವಯಸ್ಸಾಯ್ತು, ಬರ್ತೀನಿ ಕಣೆ ಅಂದ್ಳು."

ಗೀರುತ್ತಿದ್ದ ಕೈ ನಿಂತಿತು.

"ಇರು ಅಂತ ನಾನು ಅನ್ನಲಿಲ್ಲ."

ದೊಡ್ಡಮ್ಮನ ಹೆಬ್ಬೆರಳು ಮೂಲೆಯಿಂದ ಮೂಲೆಗೆ ಸರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಯಂತ್ರಕ್ಕೆ ಒಂದೇ ಅಳತೆಯ ಡಬ್ಬಿ ಬೇಕು, ರಾಶಿ ರಾಶಿ. ಡಬ್ಬಿಯಮ್ಮನ ಗಿರಾಕಿಗಳು ಇವತ್ತು ಅಂಗೈಯಗಲದ್ದು, ನಾಳೆ ಮೊಳದುದ್ದದ್ದು ಕೇಳುವವರು. ಅಳತೆ ಬದಲಿಸಿದಾಗಲೆಲ್ಲ ಅರ್ಧ ದಿನ ಯಂತ್ರವನ್ನು ಬಿಚ್ಚಿ ಕೂಡಿಸಬೇಕು. ಗಿರಾಕಿಗಳು ಕಾದು ಕಾದು ಬೇರೆ ಕಡೆ ತಿರುಗಿದರು. ಕೊನೆಗೆ ಡಬ್ಬಿಯಮ್ಮ ಓರಗಿತ್ತಿಯ ಮನೆಗೆ ಹೋದರು. ಬಾಗಿಲು ತೆಗೆದ ದೊಡ್ಡಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದರು. ಕಣ್ಣಿಗೆ ಆಗಲೇ ಮಂಜು ಕವಿದಿತ್ತು, ಕೆಲಸ ಬಿಟ್ಟಮೇಲೆ ಅದನ್ನು ಯಾರಿಗೂ ಹೇಳಿರಲಿಲ್ಲ.

"ಬಂದ್ಳು. ಒಂದು ಮಾತೂ ಆಡದೆ ಬಂದ್ಳು. ಇವತ್ತಿಗೂ ಆಡಿಲ್ಲ. ಅಂಟು ಕೊಡು, ಕಾಗದ ಕೊಡು, ಅಷ್ಟೇ. ನನ್ನಿಂದಾಗಿ ಯಾರೂ ಈ ಬಾಗಿಲು ದಾಟಿ ಹೋಗ್ಬಾರ್ದು ಅಂತ ಅವತ್ತೇ ಅಂದ್ಕೊಂಡೆ. ದೊಡ್ಡ ಆರ್ಡರ್ ಬಂದ್ರೆ ಆಚೆ ಬೀದಿಯವರಿಗೆ ಕಳಿಸ್ತೀನಿ. ಬೆಳೆದಿಲ್ಲ ಸಾಹೇಬ್ರೇ. ಬರ್ಕೊಳ್ಳಿ."

ಸಾಹೇಬರು ಬರೆದುಕೊಳ್ಳಲಿಲ್ಲ. ಯಂತ್ರದ ಬಟ್ಟೆಯನ್ನು ಉಟ್ಟುಕೊಂಡು, ಆ ಯಂತ್ರದ ಎದುರೇ ನಿಂತು ಮಾತು ಮುಚ್ಚಿಡುವುದು ಅವರಿಗೆ ಕಷ್ಟವಾಯಿತು. ಚೀಲದಿಂದ ಕರಡು ತೆಗೆದು ಆ ವಾಕ್ಯವನ್ನು ಓದಿದರು. ಓದುತ್ತಾ ಹೋದಂತೆ ತಮ್ಮ ದನಿಯೇ ತಮಗೆ ಅಪರಿಚಿತವಾಗಿ ಕೇಳಿಸಿತು. ಇಲಾಖೆಯ ಕೋಣೆಯಲ್ಲಿ ಇದು ಇಷ್ಟು ಜೋರಾಗಿ ಕೇಳಿರಲಿಲ್ಲ.

"ಅಂದ್ರೆ ಶೆಡ್ಡು ಹೋಗುತ್ತೆ," ಎಂದರು ಡಬ್ಬಿಯಮ್ಮ.

"ಇನ್ನೂ ಕರಡು. ಪಾಸಾದ್ರೆ, ಹೌದು."

ದೊಡ್ಡಮ್ಮ ಮುಖ ಎತ್ತಿ, ದನಿ ಬಂದ ಕಡೆ ತಿರುಗಿದರು. "ಹಾಗಾದ್ರೆ ಮತ್ತೆ ನಾನು ಕತ್ತರಿ ಒರೆಸಿ ಇಟ್ಕೋಬೇಕಾ, ಸಾಹೇಬ್ರೇ?"

ಅದರಲ್ಲಿ ಕೊಂಕು ಇರಲಿಲ್ಲ. ಮಳೆ ಬರುತ್ತಾ ಎಂದು ಕೇಳಿದ ಹಾಗೆ ಕೇಳಿದರು. ಉತ್ತರ ಕೊಟ್ಟದ್ದು ಡಬ್ಬಿಯಮ್ಮ.

"ಇರಕ್ಕ," ಎಂದರು ಅವರು. "ಎಲ್ಲಿಗೂ ಹೋಗ್ಬೇಡ. ಹೋಗೋದಾದ್ರೆ ಇಬ್ಬರೂ ಒಟ್ಟಿಗೆ ಹೋಗೋಣ. ಅಡುಗೆಮನೆ ಇದ್ದೇ ಇದೆಯಲ್ಲ."

ದೊಡ್ಡಮ್ಮ ಕೈಯಲ್ಲಿದ್ದ ಡಬ್ಬಿಯ ಮೂಲೆಯನ್ನು ಒತ್ತಿ ಮುಗಿಸಿದರು. ಆಮೇಲೆ, "ನಿನ್ನ ಅಡುಗೆಮನೇಲಿ ಬೆಳಕೇ ಇಲ್ವಲ್ಲೇ," ಎಂದರು.

"ನಿಂಗೆ ಬೆಳಕು ಯಾತಕ್ಕೆ?"

ಮುದುಕಿ ಬಾಯಿಬಿಟ್ಟು ನಕ್ಕರು. ಅಂಟಿಸುತ್ತಿದ್ದ ಹೆಂಗಸರು ಕೈಬಿಟ್ಟು ನೋಡಿದರು. ಆ ನಗುವನ್ನು ಅವರಲ್ಲಿ ಕೆಲವರು ಕೇಳಿಯೇ ಇರಲಿಲ್ಲ.

ಪ್ಯಾಂಟು ಒಣಗಿತು. ಹಿಂದೆ ಒಂದು ಹೂವು ಮಾತ್ರ ಹೋಗದೆ ಉಳಿಯಿತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಸಾಹೇಬರು ನಿಂತೇ ಹೋದರು.

ದಾರಿಯುದ್ದಕ್ಕೂ ಯೋಚನೆ. ಕಂಡದ್ದನ್ನು ಕಂಡಂತೆ ಬರೆದರೆ ಈ ಹೆಂಗಸರು ಬೀದಿಗೆ. ಗೆದ್ದ ಕಥೆಯೆಂದು ಬರೆದರೆ ಇನ್ನೂ ಎಷ್ಟೋ ಶೆಡ್ಡುಗಳಲ್ಲಿ ಊಟದ ಡಬ್ಬಿ ಇಡಲು ಹಸಿರು ಯಂತ್ರಗಳು. ಅವರ ನೌಕರಿಯ ಬಹುಪಾಲು ಇಂಥ ಇಕ್ಕಟ್ಟಿನಲ್ಲಿ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದು ಪಾರಾಗುವುದರಲ್ಲೇ ಕಳೆದಿತ್ತು.

ಸಮಿತಿಯ ಸಭೆಯಲ್ಲಿ ಅವರು ಕಂಡದ್ದನ್ನೇ ಹೇಳಿದರು, ಪ್ಯಾಂಟಿನಿಂದ ಶುರುಮಾಡಿ. ಎಲ್ಲರೂ ನಕ್ಕರು. ನಗು ನಿಂತ ಮೇಲೂ ಅವರು ನಿಲ್ಲಿಸದೇ ಇದ್ದಾಗ ನಿರ್ದೇಶಕರು ಕನ್ನಡಕ ತೆಗೆದರು.

"ಬೆಳೀರಿ ಅಂತ ಕೇಳಬಾರದು ಅಂದ್ರೆ ಇನ್ನೇನು ಕೇಳೋಣ ಅವರನ್ನ?"

"ಇದ್ದವರನ್ನ ಉಳಿಸಿಕೊಂಡಿದ್ದೀರಾ ಅಂತ ಕೇಳೋಣ ಸರ್."

"ಅಲ್ಲಯ್ಯ, ಶೆಡ್ಡಿಗೆ ಕಾದು ಕೂತವರಿದ್ದಾರಲ್ಲ? ಅರ್ಜಿ ಹಾಕಿ, ಮನೆ ಜಗಲಿ ಮೇಲೆ ಪೇಂಟ್ ಬ್ರಷ್ ತಯಾರಿಸ್ತಿದ್ದಾನಲ್ಲ ಆ ಹುಡುಗ, ಮಳೆ ಬಂದ್ರೆ ಮಾಲೆಲ್ಲ ಒದ್ದೆ. ಅವನಿಗೆ ಏನು ಹೇಳ್ತೀಯ?"

"ಅವನಿಗೂ ಶೆಡ್ಡು ಬೇಕು ಸರ್," ಎಂದರು ಸಾಹೇಬರು. "ಆದರೆ ಇವರದ್ದನ್ನ ಕಿತ್ತು ಕೊಟ್ಟರೆ ಅದು ಬೆಂಬಲ ಆಗಲ್ಲ, ವರ್ಗಾವಣೆ ಆಗುತ್ತೆ." ನೌಕರಿಗೆ ಸೇರಿದ ಮೇಲೆ ಅವರು ಮೇಲಿನವರಿಗೆ ಎದುರಾಡಿದ್ದು ಅದೇ ಮೊದಲು. ಕೂರುವ ಮುಂಚೆ ಕುರ್ಚಿಯ ಮೇಲೆ ಕೈಯಾಡಿಸಿ ನೋಡಿದರು.

ಮೂರು ಸಭೆ ಕಳೆದ ಮೇಲೆ ವಾಕ್ಯ ಬದಲಾಯಿತು: ಉದ್ದಿಮೆಯು ಬೆಳೆದಿರಬೇಕು, ಇಲ್ಲವೇ ಇದ್ದ ಕೆಲಸದವರನ್ನು ಉಳಿಸಿಕೊಂಡಿರಬೇಕು. ನೆರವಾಗಿ ಯಂತ್ರವನ್ನೇ ಕೊಡಬೇಕೆಂಬ ಕಟ್ಟು ಸಡಿಲವಾಯಿತು. ಬೆಳಕಿಗೊಂದು ಕಿಟಕಿ ಕೇಳಿದರೂ ಕೊಡಬಹುದು. ಬಳಸದ ಯಂತ್ರವನ್ನು ವಾಪಸ್ ಪಡೆಯಲು ಮಾತ್ರ ನಿಯಮವೇ ಇರಲಿಲ್ಲ, ಅದನ್ನು ಸೇರಿಸಲು ಯಾರೂ ಒಪ್ಪಲಿಲ್ಲ. ಜಗಲಿಯ ಬ್ರಷ್ ಹುಡುಗನಿಗೆ "ಪರಿಶೀಲಿಸಲಾಗುವುದು" ಎಂಬ ಒಂದು ಸಾಲು ಸಿಕ್ಕಿತು. ಅದನ್ನು ಬರೆಯುವಾಗ ಸಾಹೇಬರ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಮುನ್ನುಡಿಯಲ್ಲಿ ಬೇರೆ ಯಾರದೋ ನಗುವ ಫೋಟೋ ಬಂತು.

ನೀತಿ ಅಚ್ಚಾದ ವಾರ ಸಾಹೇಬರು ಒಂದು ಪ್ರತಿ ಹಿಡಿದು ಓಣಿಗೆ ಬಂದರು. ಬಾಗಿಲಲ್ಲೇ ನಿಂತರು. ದೊಡ್ಡಮ್ಮ ಹೆಜ್ಜೆಯ ಸದ್ದಿಗೇ ಸ್ಟೂಲಿನ ಮೇಲೆ ಅಂಗೈ ಊರಿ, "ಬಂದ್ರು ನೋಡೇ, ಕಾಗದ ಎತ್ತಿಡು," ಎಂದರು.

ಶೆಡ್ಡು ಉಳಿಯಿತು ಎಂದು ಸಾಹೇಬರು ಹೇಳಿದರು. ಡಬ್ಬಿಯಮ್ಮ ಕೈಯೊರೆಸಿಕೊಂಡು, ಓರಗಿತ್ತಿಯ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟರು. ಪುಸ್ತಕ ತೆಗೆದುಕೊಂಡರು. ಸಾಹೇಬರು ಆ ಪುಟವನ್ನು ತೆರೆದು, ಬೆರಳಿಟ್ಟು ತೋರಿಸಿದರು. ಅವರು ಆ ಸಾಲನ್ನು ತುಟಿಯಾಡಿಸುತ್ತಾ ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು.

ಸಾಹೇಬರಿಗೆ ತಡೆಯಲಾಗಲಿಲ್ಲ. "ಹೇಗಿದೆ ಅಮ್ಮ, ನಮ್ಮ ನೀತಿ?"

ಡಬ್ಬಿಯಮ್ಮ ಆ ಹಾಳೆಯ ಮೂಲೆಯನ್ನು ಉಗುರಿನಿಂದ ಮಡಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಪರವಾಗಿಲ್ಲ. ಬಿರುಕು ಬಿಟ್ಟಿಲ್ಲ."