ಅಪ್ಪನ ಮಂಚ ತಿರುಗಿಸಿದ್ದು ನಾವು

ಅಪ್ಪ ಬಿದ್ದದ್ದು ಜಯಶೀಲಾ ಅವರ ತಪ್ಪಿನಿಂದಲ್ಲ, ನನ್ನಿಂದ. ಇದೊಂದು ಖಚಿತ. ಉಳಿದ ವಿವರಗಳಲ್ಲಿ ಕೆಲವು ತಪ್ಪಿರಬಹುದು — ಅಂದು ಮಂಗಳವಾರವೋ ಬುಧವಾರವೋ, ಅಪ್ಪ ನನ್ನನ್ನು ಕೂಗಿದರೋ ಇಲ್ಲವೋ. ಡೈರಿಯಲ್ಲಿ ಆ ವಾರದ ಪುಟಗಳು ಖಾಲಿ ಇವೆ. ಬರೆಯುವ ಚಟವಿರುವ ನಾನು ಆ ವಾರ ಮಾತ್ರ ಬರೆದಿಲ್ಲ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಗಿತ್ತು. ತಟ್ಟೆಯಲ್ಲಿ ಬಲಗಡೆಯ ಅನ್ನ ತಿಂದು, ಎಡಗಡೆಯದನ್ನು ಹಾಗೇ ಬಿಟ್ಟು, "ಇನ್ನೂ ಸ್ವಲ್ಪ ಬಡಿಸು" ಎನ್ನುತ್ತಿದ್ದರು. ಚಾಮರಾಜಪೇಟೆಯ ನಮ್ಮ ಮನೆಗೆ ಏಜೆನ್ಸಿಯೊಂದು ಕಳಿಸಿದ ನರ್ಸ್ ಜಯಶೀಲಾ. ಬಿನ್ನಿಪೇಟೆಯಿಂದ ಬೆಳಗ್ಗೆ ಏಳಕ್ಕೆಲ್ಲ ಬರುತ್ತಿದ್ದರು. ಬಂದ ಮೊದಲ ದಿನವೇ ಮಂಚವನ್ನು ಗೋಡೆಗೆ ಒತ್ತರಿಸಿ, ಅಪ್ಪನ ಬಲಗೈ ಕೋಣೆಯ ಕಡೆಗೆ ಬರುವಂತೆ ಹಾಕಿದರು. ಆ ಕೈಗೆ ಎಟುಕುವಂತೆ ಸ್ಟೂಲು, ನೀರು, ಕರೆಯಲು ಪೂಜೆಯ ಗಂಟೆ.

"ಮೇಡಂ, ಸಾರ್‌ಗೆ ಎಡಗಡೆ ಅಂತ ಒಂದಿದೆ ಅನ್ನೋದೇ ಮರ್ತೋಗಿದೆ. ಆ ಕಡೆಯಿಂದ ಇಳಿಯೋಕೆ ಹೋದ್ರೆ ಬಿದ್ರು ಅಂತಾನೇ. ಈ ಮಂಚ ಮಾತ್ರ ಯಾರೂ ಅಲ್ಲಾಡಿಸ್ಬೇಡಿ."

ಹಾಗೆ ಹಾಕಿದಾಗ ಅಪ್ಪನ ತಲೆ ಉತ್ತರಕ್ಕೆ ಬಂತು. ಮಲ್ಲೇಶ್ವರದಿಂದ ನೋಡಲು ಬಂದ ಕಮಲತ್ತೆ — ಅಪ್ಪನ ತಂಗಿ — ಬಾಗಿಲಲ್ಲೇ ನಿಂತುಬಿಟ್ಟರು. "ಉತ್ತರಕ್ಕೆ ತಲೆ ಹಾಕಿದೋನು ಎದ್ದು ಓಡಾಡ್ತಾನೇನೇ? ಎಂಎ ಮಾಡಿದ್ದು ಇದಕ್ಕೇನಾ?"

ಜಯಶೀಲಾ ನಕ್ಕರು. "ಅಮ್ಮಾ, ಮೊದ್ಲು ಸಾರ್ ಓಡಾಡ್ಲಿ. ಆಮೇಲೆ ಯಾವ ದಿಕ್ಕಿಗಾದ್ರೂ ಮಲಗ್ಲಿ, ನಾನೇ ಮಂಚ ಎತ್ಕೊಡ್ತೀನಿ."

ಅತ್ತೆ ನಗಲಿಲ್ಲ. ದಿನಾ ಫೋನು, ದಿನಾ ಅದೇ ಮಾತು. ನನಗೆ ದಿಕ್ಕಿನಲ್ಲಿ ನಂಬಿಕೆಯಿತ್ತೇ? ಇರಲಿಲ್ಲ. ನಂಬಿ ಮಾಡಿದ್ದರೆ ಈಗ ನನ್ನ ಮೇಲೇ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ — ಅತ್ತೆಯ ಮಾತು ಕೇಳಿ ಕೇಳಿ ಸಾಕಾಗಿತ್ತು, ಅಷ್ಟೆ. ಮತ್ತೆ — ಇದನ್ನೂ ಬರೆಯಬೇಕು — ನಮ್ಮ ಮನೆಯಲ್ಲಿ ಯಾವುದನ್ನು ಮುಟ್ಟಬಾರದು ಎಂದು ಆಕೆ ಹೇಳುವುದು ನನಗೆ ಹಿಡಿಸುತ್ತಿರಲಿಲ್ಲ.

ಅಂದು ಅತ್ತೆ ಬಂದಿದ್ದರು. ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿತ್ತು. ಡೈಪರ್ ಇನ್ನೂ ಒಂದು ಕಟ್ಟು ಇತ್ತು. ಆದರೂ ತನ್ನಿ ಎಂದು ಜಯಶೀಲಾರನ್ನು ಔಷಧಿ ಅಂಗಡಿಗೆ ಕಳಿಸಿದೆ. ಅವರು ಗೇಟು ದಾಟುತ್ತಲೇ ಅತ್ತೆಯೂ ನಾನೂ ಮಂಚ ತಿರುಗಿಸಿದೆವು. ಅಪ್ಪನನ್ನು ಮಲಗಿಸಿದೆವು. ಈಗ ಬಲಗೈ ಗೋಡೆಗೆ. ಸ್ಟೂಲು, ಗಂಟೆ ಕಾಲಿನ ಹತ್ತಿರ. ಅವನ್ನು ಈಚೆಗೆ ಇಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಅತ್ತೆಗೆ ಕಾಫಿ ಮಾಡಲು ಒಳಗೆ ಹೋದೆ; ಅತ್ತೆಯೂ ಹಿಂದೆಯೇ ಬಂದರು.

ಸದ್ದು ಕೇಳಿ ಓಡಿಬಂದಾಗ ಅಪ್ಪ ನೆಲದ ಮೇಲಿದ್ದರು. ಎಡಗಾಲು ಸೊಟ್ಟಕ್ಕೆ ಮಡಚಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಆಮೇಲೆ ಯಾರೋ ಹೇಳಿದರು — ಅತ್ತೆಯೋ, ನಾನೋ, ಎಷ್ಟು ಯೋಚಿಸಿದರೂ ದನಿ ಯಾರದೆಂದು ಗೊತ್ತಾಗುವುದಿಲ್ಲ: "ಅವಳು ಬರೋದ್ರೊಳಗೆ ತಿರುಗಿಸಿಬಿಡೋಣ."

ಅಪ್ಪ ನೆಲದ ಮೇಲೆ ನರಳುತ್ತಿದ್ದರು. ನಾವು ಮಂಚ ತಿರುಗಿಸುತ್ತಿದ್ದೆವು. ಅವರು ನೋಡುತ್ತಿದ್ದರು.

ಜಯಶೀಲಾ ಬಂದವರೇ ಚೀಲ ಎಸೆದು ಮಂಡಿಯೂರಿದರು. "ಎತ್ಬೇಡಿ! ಕಾಲು ಹೇಗಿದೆಯೋ ಹಾಗೇ ಇರ್ಲಿ." ದಿಂಬುಗಳನ್ನು ಕಾಲಿನ ಎರಡೂ ಬದಿಗೆ ಒತ್ತಿಟ್ಟರು. ಆಮೇಲೆ ಒಮ್ಮೆ ಮಂಚ ನೋಡಿದರು. "ಒಳ್ಳೇ ಕಡೆಯಿಂದಾನೇ ಇಳಿದ್ರೂ ಹೇಗೆ ಬಿದ್ರು ಸಾರ್?"

ನಾನು ಆಂಬುಲೆನ್ಸ್‌ಗೆ ಗೇಟು ತೆರೆಯಲು ಹೋದೆ. ಸಂಜೆ ಏಜೆನ್ಸಿಗೆ ಫೋನ್ ಮಾಡಿ ಹೇಳಿದೆ: "ನಿಮ್ಮ ಸಿಸ್ಟರ್ ಹತ್ತಿರ ಇಲ್ಲದಿದ್ದಾಗ ಅಪ್ಪ ಬಿದ್ದರು." ಆ ವಾಕ್ಯದಲ್ಲಿ ಸುಳ್ಳೆಂಬುದು ಒಂದು ಅಕ್ಷರವೂ ಇಲ್ಲ. ಅಷ್ಟು ಎಚ್ಚರದಿಂದ ಜೋಡಿಸಿದ್ದೆ. ಮರುದಿನದಿಂದ ಅವರು ಬರಲಿಲ್ಲ.

ಸೊಂಟದ ಮೂಳೆಗೆ ಆಪರೇಷನ್ ಆಯಿತು. ಅಪ್ಪ ಮತ್ತೆ ನಿಲ್ಲಲಿಲ್ಲ. ಮುಂದಿನ ವರ್ಷ ಹೋದರು. ಆ ದಿನದ ಮಾತನ್ನು ಕೊನೆಯವರೆಗೂ ಎತ್ತಲಿಲ್ಲ. ಮರೆತಿದ್ದರೋ, ನನ್ನನ್ನು ಕಾಯುತ್ತಿದ್ದರೋ — ಕೇಳುವ ಧೈರ್ಯ ನನಗಿರಲಿಲ್ಲ.

ಹೋದ ತಿಂಗಳು ಗಾಂಧಿ ಬಜಾರಿನಲ್ಲಿ ಜಯಶೀಲಾ ಸಿಕ್ಕರು. ಅವರೇ ಗುರುತು ಹಿಡಿದದ್ದು. ಏಜೆನ್ಸಿಯವರು ಕೈಬಿಟ್ಟರಂತೆ, ಈಗ ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ. ಬೇರೆ ಏಜೆನ್ಸಿ ನೋಡಬಹುದಿತ್ತಲ್ಲ ಎಂದೆ — ನಾನು, ಅದನ್ನು ಕೇಳಿದೆ!

"ಕರೀತಾರೆ ಮೇಡಂ. ನಂಗೇ ಧೈರ್ಯ ಇಲ್ಲ. ಹದಿನಾಲ್ಕು ವರ್ಷ ಪೇಷಂಟ್ಸ್ ನೋಡ್ಕೊಂಡೆ, ಒಬ್ರೂ ಬಿದ್ದಿರ್ಲಿಲ್ಲ. ಅವತ್ತು ಏನು ಮರ್ತೆ ಅಂತ ಈಗ್ಲೂ ಯೋಚ್ನೆ ಮಾಡ್ತೀನಿ. ಸ್ಟೂಲ್ ಸರಿಯಾಗಿ ಇಟ್ಟಿದ್ನೋ ಇಲ್ವೋ... ನೆನಪಾಗಲ್ಲ."

ಇಟ್ಟಿದ್ದಿರಿ, ಎಂದು ಹೇಳಲು ಅಲ್ಲೇ ಬಾಯಿ ತೆರೆದೆ. ಅವರು ನನ್ನ ಕೈ ಅದುಮಿ, "ಸಾರಿ ಮೇಡಂ" ಎಂದು ಹೊರಟೇಬಿಟ್ಟರು. ನನಗೆ ಕ್ಷಮೆ ಕೇಳಿ ಹೋದರು. ನಾನು ಹಿಂದೆ ಓಡಬಹುದಿತ್ತು. ನಿಂತೇ ಇದ್ದೆ.

ಅವರ ಕೈಯ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ. ಈ ಬರಹದಿಂದ ಅದು ವಾಪಸು ಹೋಗುವುದಿಲ್ಲ. ಎದುರಿಗೆ ನಿಂತು ಹೇಳಬೇಕು. ಅಂಗಡಿಯಲ್ಲಿ ವಿಚಾರಿಸಿ ವಿಳಾಸ ತೆಗೆದುಕೊಂಡಿದ್ದೇನೆ. ಮೊನ್ನೆ ಮಲ್ಲೇಶ್ವರಕ್ಕೂ ಹೋಗಿದ್ದೆ. ಅತ್ತೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಭಾನುವಾರ ಜಯಶೀಲಾ ಮನೆಗೆ ಹೋಗಿ ಎಲ್ಲಾ ಹೇಳ್ತೀನಿ. ನೀವೂ ಬರ್ತೀರಾ?"